‘ಟ್ರೇಸ್ ಮೆಟಲ್’: ಲೇಶಲೋಹವೇ, ಭಾರಲೋಹವೇ?

ನಗರಗಳ ಮಣ್ಣಿನಲ್ಲಿಯೂ ಕೆರೆ, ಹೊಳೆಗಳ ತಳದಲ್ಲಿಯೂ ಸೇರಿಕೊಳ್ಳುವ ಸೀಸ, ಕ್ಯಾಡ್ಮಿಯಂ, ಸತು, ತಾಮ್ರಗಳನ್ನು ಕುರಿತ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ನೆಲದಲ್ಲಿ ಸಹಜವಾಗಿ ಬಹಳ ಅಲ್ಪ ಪ್ರಮಾಣದಲ್ಲಿರುವ ಇಂಥ ಲೋಹಗಳಿಗೆ ಇಂಗ್ಲಿಷಿನಲ್ಲಿರುವ ‘ಟ್ರೇಸ್ ಮೆಟಲ್’ ಎಂಬ ಹೆಸರಿಗೆ ಸರಿಯಾದ ಕನ್ನಡ ಪದ ಯಾವುದೆಂದು ನಿಶ್ಚಯವಾಗದೆ ಬಲ್ಲವರನ್ನು ಕೇಳುತ್ತಿದ್ದೇನೆ.

ಪತ್ರಿಕೆಗಳಲ್ಲಿ ರೂಢಿಯಾಗಿರುವುದು ‘ಭಾರಲೋಹ’. ಆದರೆ ಇಲ್ಲಿ ಭಾರವೆಂದರೆ ಸಾಂದ್ರತೆಯೋ ಪರಮಾಣು ತೂಕವೋ ಎಂಬುದು ಸ್ಪಷ್ಟವಿಲ್ಲ. ಈ ಗುಂಪಿನಲ್ಲಿ ತಪ್ಪದೆ ಹೆಸರಿಸಲಾಗುವ ಆರ್ಸೆನಿಕ್ ಅರೆಲೋಹ. ಸೀಸಕ್ಕಿಂತ ಸಾಂದ್ರವಾದ ಚಿನ್ನವನ್ನು ಮಾಲಿನ್ಯದ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿಯ 2002ರ ತಾಂತ್ರಿಕ ವರದಿಯೊಂದು ಇಂಗ್ಲಿಷಿನ ‘ಹೆವಿ ಮೆಟಲ್’ ಪದಕ್ಕೇ ಒಮ್ಮತದ ವ್ಯಾಖ್ಯೆಯಿಲ್ಲವೆಂದು ತೋರಿಸಿರುವಾಗ, ಅದರ ಅನುವಾದವನ್ನು ನಾವು ನೆಚ್ಚಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

‘ಲೇಶಲೋಹ’ ಎನ್ನೋಣವೆಂದರೆ ಬೇರೊಂದು ತೊಡಕಿದೆ. ‘ಲವಲೇಶ’, ‘ಲೇಶಮಾತ್ರ’ಗಳಿಂದ ಪರಿಚಿತವಾದ ಈ ಪದ ಗಣನೆಗೆ ಬಾರದಷ್ಟು ಅಲ್ಪವೆಂಬ ಅರ್ಥವನ್ನು ಹೊತ್ತು ತರುತ್ತದೆ. ವಿಜ್ಞಾನದಲ್ಲಿ ‘ಟ್ರೇಸ್’ ಎಂಬುದು ಭೂಮಿಯ ಹೊರಪದರದಲ್ಲಿ ಆ ಧಾತು ಸಹಜವಾಗಿ ಎಷ್ಟಿದೆ ಎಂಬುದನ್ನು ಕುರಿತದ್ದೇ ಹೊರತು, ಮಲಿನಗೊಂಡ ಜಾಗದಲ್ಲಿ ಎಷ್ಟಿದೆ ಎಂಬುದನ್ನಲ್ಲ. ಹೊರಪದರದಲ್ಲಿ ಸೀಸದ ಸರಾಸರಿ ಪ್ರಮಾಣ ಕಿಲೋಗ್ರಾಂಗೆ ಸುಮಾರು 15ರಿಂದ 20 ಮಿಲಿಗ್ರಾಂ. ಸೀಸಯುಕ್ತ ಪೆಟ್ರೋಲಿನ ಹೊಗೆಯನ್ನು ದಶಕಗಳ ಕಾಲ ಉಂಡ ರಸ್ತೆಬದಿಯ ಮಣ್ಣಿನಲ್ಲಿ, ಹಳೆಯ ಬಣ್ಣ ಉದುರಿದ ಗೋಡೆಯ ಬುಡದಲ್ಲಿ ಅದು ನೂರಾರು ಮಿಲಿಗ್ರಾಂಗೆ ಏರಿರಬಹುದು. ಮಕ್ಕಳು ಆಡುವ ಮಣ್ಣಿನ ವಿಷಯದಲ್ಲಿ ಪದವೇ ಓದುಗರನ್ನು ಮೈಮರೆಸಬಾರದು ಎಂಬುದು ನನ್ನ ಕಾಳಜಿ. ‘ಜಾಡುಲೋಹ’ ಎಂಬುದಂತೂ ‘ಟ್ರೇಸ್’ನ ಇನ್ನೊಂದು ಅರ್ಥವನ್ನು ಹಿಡಿದು ದಾರಿ ತಪ್ಪಿದೆ. ಸತು, ತಾಮ್ರಗಳು ಗಿಡಗಳಿಗೆ ಬೇಕಾದ ಸೂಕ್ಷ್ಮ ಪೋಷಕಾಂಶಗಳೂ ಆಗಿರುವುದರಿಂದ ‘ಸೂಕ್ಷ್ಮಲೋಹ’ ಎಂದರೆ ಅವು ಹಿತಕರವೆಂಬ ಭಾವನೆ ಬಂದೀತು.

ಈ ಲೋಹಗಳು ಸೇರಿಕೊಳ್ಳುವ, ನೀರಿನ ತಳದಲ್ಲಿ ಕೂಡಿಬೀಳುವ ಕಣರಾಶಿಗೆ ಇಂಗ್ಲಿಷಿನಲ್ಲಿ ‘ಸೆಡಿಮೆಂಟ್’ ಎನ್ನುತ್ತಾರೆ; ಅದಕ್ಕೆ ನಮ್ಮಲ್ಲಿ ಪದಗಳ ಕೊರತೆಯಿಲ್ಲ. ಅವುಗಳ ನಡುವಿನ ಛಾಯೆಗಳೇ ಕಾಡುತ್ತವೆ. ಮೆಕ್ಕಲು ಎಂದೊಡನೆ ಫಲವತ್ತತೆ ನೆನಪಾಗುತ್ತದೆ, ಗಸಿ ಎಂದೊಡನೆ ಪಾತ್ರೆಯ ತಳ. ಲೋಹಗಳು ಹೆಚ್ಚಾಗಿ ಅಂಟಿಕೊಳ್ಳುವುದು ನುಣ್ಣನೆಯ ಜೇಡಿಕಣ, ಸಾವಯವ ಪದಾರ್ಥ, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳಿಗೆ. ಅದಕ್ಕಾಗಿಯೇ ಅನೇಕ ಅಧ್ಯಯನಗಳಲ್ಲಿ 63 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳನ್ನು ಜರಡಿ ಹಿಡಿದು ಪರೀಕ್ಷಿಸುತ್ತಾರೆ. ಈ ನುಣುಪನ್ನೂ, ನೀರಿನ ತಳದಲ್ಲಿ ವರ್ಷಗಟ್ಟಲೆ ಕೂಡಿಬೀಳುವ ಬಗೆಯನ್ನೂ ಒಟ್ಟಿಗೆ ಹೇಳಬಲ್ಲದ್ದು ‘ಹೂಳು’ ಎಂದು ನನಗೆ ತೋರುತ್ತದೆ. ಆದರೆ ಆಳಸಮುದ್ರದ ತಳದ್ದನ್ನೂ ಹೂಳೆನ್ನಬಹುದೇ?

ಇನ್ನೊಂದು ಸಂದೇಹವಿದೆ. ಸಹಜ ಮಟ್ಟಕ್ಕಿಂತ ಹೆಚ್ಚಾಗಿರುವುದು ಒಂದು ಸ್ಥಿತಿ, ಅದರಿಂದ ಜೀವಿಗಳಿಗೆ ಹಾನಿಯಾಗುವುದು ಮತ್ತೊಂದು; ಮೊದಲನೆಯದಕ್ಕೆ ‘ಕಲುಷಿತ’, ಎರಡನೆಯದಕ್ಕೆ ‘ಮಲಿನ’ ಎಂದು ಬೇರ್ಪಡಿಸಿ ಬಳಸಿದರೆ ಒಪ್ಪುತ್ತೀರಾ? ಈ ಭೇದವನ್ನು ಪಾಲಿಸಿದ ಹಳೆಯ ಪ್ರಯೋಗವಿದ್ದರೆ ದಯವಿಟ್ಟು ತಿಳಿಸಿ.