ಹಗುರವಾದ ಬಿ ಮೆಸಾನ್ ಅಷ್ಟು ಭಾರದ ಕಣದ ಸುಳಿವು ಹೇಗೆ ಕೊಡುತ್ತೆ?

ತುಂಗೆದಡ:
ಎಮ್ಮೆಸ್ಸಿ ಫಿಸಿಕ್ಸ್ ಮೊದಲ ವರ್ಷ. ಒಂದು ವಿಷಯ ತಲೆಗೆ ಹೋಗ್ತಿಲ್ಲ. ಬಿ ಮೆಸಾನ್ (ಬಿ ಅನ್ನೋ ಕ್ವಾರ್ಕ್ ಇರುವ, ಬೇಗ ಒಡೆದುಹೋಗುವ ಕಣ) ತೂಕ ಸುಮಾರು 5.3 ಜಿಇವಿ (ಕಣಗಳ ತೂಕದ ಅಳತೆ). ಅದು ಒಡೆಯೋದನ್ನು ನೋಡಿ, ಅದಕ್ಕಿಂತ ಸಾವಿರ ಪಟ್ಟು ಭಾರದ ಹೊಸ ಕಣ ಇದೆಯೋ ಇಲ್ಲವೋ ಹೇಳಬಹುದಂತೆ. ಜೇಬಲ್ಲಿ ಐದು ರೂಪಾಯಿ ಇಟ್ಟುಕೊಂಡು ಐದು ಸಾವಿರದ ಸಾಮಾನು ತಂದ ಹಾಗಾಯ್ತಲ್ವಾ? ಮತ್ತೆ 2021ರಲ್ಲಿ ಸರ್ನ್ ಪ್ರಯೋಗಾಲಯದ ಎಲ್‌ಎಚ್‌ಸಿಬಿಯಲ್ಲಿ ಏನೋ ಸಿಕ್ಕಿದೆ ಅಂತ ದೊಡ್ಡ ಸುದ್ದಿ ಇತ್ತು, ಅದೇನಾಯ್ತು?

ಬೆಲ್ಲದಕಾಫಿ:
ಉದ್ರಿ ತರುತ್ತೆ :) ಭಾರದ ಕಣ ಹೊರಗೆ ಬರಲ್ಲ, ನಡುವೆ ಕ್ಷಣಮಾತ್ರ ಬಂದುಹೋಗುತ್ತೆ. ಮಾಮೂಲಿ ಬೀಟಾ ಡಿಕೇನೇ (ನ್ಯೂಟ್ರಾನ್ ಒಡೆದು ಪ್ರೋಟಾನ್ ಆಗೋದು) ನೋಡಿ. ನ್ಯೂಟ್ರಾನ್ ತೂಕ 1 ಜಿಇವಿಯೂ ಇಲ್ಲ, ನಡುವೆ ಬಂದುಹೋಗುವ ಡಬ್ಲ್ಯೂ ಬೋಸಾನ್ 80. ಕಣ ಭಾರ ಇದ್ದಷ್ಟೂ ಉದ್ರಿ ಹುಟ್ಟೋದು ಕಷ್ಟ, ಅಷ್ಟೇ.

ಅಪರೂಪದ ಡಿಕೇನೇ ಯಾಕೆ ಬೇಕು ಅಂದರೆ, ಬಿ ಕ್ವಾರ್ಕ್ ಎಸ್ ಕ್ವಾರ್ಕ್ ಆಗೋಕೆ, ಕಣಗಳ ಬಗ್ಗೆ ಈಗ ಎಲ್ಲರೂ ಒಪ್ಪಿರುವ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್‌ನಲ್ಲಿ ನೇರ ದಾರಿ ಇಲ್ಲ. ಡಬ್ಲ್ಯೂ, ಟಾಪ್ ಕ್ವಾರ್ಕ್ ಎರಡನ್ನೂ ಸುತ್ತಿಕೊಂಡು ಬರಬೇಕು. ಹಾಗಾಗಿ ಬಿ-ಎಸ್ ಮೆಸಾನ್ (ಬಿ, ಎಸ್ ಎರಡೂ ಥರದ ಕ್ವಾರ್ಕ್ ಇರುವುದು) ಒಡೆದು ಎರಡು ಮ್ಯೂಆನ್ (ಎಲೆಕ್ಟ್ರಾನ್‌ನ ಭಾರದ ಅಣ್ಣ) ಆಗೋದು ನೂರು ಕೋಟಿಗೆ ಮೂರೋ ನಾಲ್ಕೋ ಸಲ. ಅಲ್ಲಿ ಹೊಸ ಕಣವೊಂದು ಚೂರು ಕೈ ಹಾಕಿದರೂ ಗೊತ್ತಾಗುತ್ತೆ. ಸಂತೆ ಗದ್ದಲದಲ್ಲಿ ಕೇಳದ ಪಿಸುಮಾತು ನಡುರಾತ್ರಿ ಕೇಳುತ್ತಲ್ಲ, ಹಾಗೆ. ಸರ್ನ್‌ನದೇ ಇನ್ನೊಂದು ಪ್ರಯೋಗ ಸಿಎಂಎಸ್, ಎಲ್‌ಎಚ್‌ಸಿಬಿ ಸೇರಿ 2015ರಲ್ಲಿ ಇದನ್ನು ಪ್ರಕಟಿಸಿದಾಗ ಸ್ಟ್ಯಾಂಡರ್ಡ್ ಮಾಡೆಲ್ ಲೆಕ್ಕಕ್ಕೆ ಹೊಂದಿತು, ಪ್ರತಿ ಕಣಕ್ಕೂ ಒಂದು ಜೋಡಿ ಕಣ ಇದೆ ಅನ್ನುವ ಸೂಪರ್‌ಸಿಮ್ಮೆಟ್ರಿಯ ಎಷ್ಟೋ ಮಾಡೆಲ್‌ಗಳಿಗೆ ಜಾಗವೇ ಉಳಿಯಲಿಲ್ಲ.

ಇದು ಹಳೇ ಉಪಾಯ. ನ್ಯೂಟ್ರಲ್ ಕೆಯಾನ್ (ಎಸ್ ಕ್ವಾರ್ಕ್ ಇರುವ ಹಗುರ ಮೆಸಾನ್) ಎರಡು ಮ್ಯೂಆನ್ ಆಗೋದು ಇರಬೇಕಾದ್ದಕ್ಕಿಂತ ತೀರಾ ಕಡಿಮೆ ಯಾಕೆ ಅಂತ ತಲೆ ಕೆಡಿಸಿಕೊಂಡು, 1970ರಲ್ಲಿ ಗ್ಲಾಶೋ, ಇಲಿಯೋಪೌಲೋಸ್, ಮೈಯಾನಿ ಮೂವರೂ ನಾಲ್ಕನೇ ಕ್ವಾರ್ಕ್ ಇರಲೇಬೇಕು ಅಂದರು. 1974ರಲ್ಲಿ ಆ ನಾಲ್ಕನೆಯದು, ಚಾರ್ಮ್ ಕ್ವಾರ್ಕ್, ಸಿಕ್ಕಿತು.

ಸಿಗ್ಮಾ_ಸಾಕು:
2021ರ ಕಥೆ ನಾನು ಹೇಳ್ತೀನಿ. ಬಿ ಮೆಸಾನ್ ಒಡೆದು ಕೆಯಾನ್ ಜೊತೆ ಮ್ಯೂಆನ್ ಜೋಡಿ ಬರೋದೂ ಎಲೆಕ್ಟ್ರಾನ್ ಜೋಡಿ ಬರೋದೂ ಹೆಚ್ಚುಕಡಿಮೆ ಸಮ ಇರಬೇಕು. ಮ್ಯೂಆನ್ ಎಣಿಕೆಯನ್ನು ಎಲೆಕ್ಟ್ರಾನ್ ಎಣಿಕೆಯಿಂದ ಭಾಗಿಸಿದ ಅನುಪಾತ 1 ಬರಬೇಕಾದಲ್ಲಿ 0.846 ಬಂತು, 3.1 ಸಿಗ್ಮಾ (ಲೆಕ್ಕದಿಂದ ಎಷ್ಟು ದೂರ ಅನ್ನೋ ಅಳತೆ, 5 ದಾಟಿದರೆ ಹೊಸದು ಸಿಕ್ಕಿತು ಅಂತಾರೆ). ನಾನೂ ಗೆಳೆಯರ ಜೊತೆ ಬಿರಿಯಾನಿ ಪಂದ್ಯ ಕಟ್ಟಿದ್ದೆ. ಡಿಸೆಂಬರ್ 2022ರಲ್ಲಿ ಅವರೇ ಮತ್ತೆ ಜರಡಿ ಹಿಡಿದು ನೋಡಿದರೆ, ಎಲೆಕ್ಟ್ರಾನ್ ಅಂತ ಎಣಿಸಿದ್ದರಲ್ಲಿ ಕೆಲವು ಪಯಾನ್, ಕೆಯಾನ್‌ಗಳು. ಛೇದದಲ್ಲಿ ಕಳ್ಳ ಲೆಕ್ಕ ಸೇರಿಕೊಂಡು ಅನುಪಾತ ಇಳಿದಿತ್ತು. ಸರಿಮಾಡಿದ ಮೇಲೆ 1ರ ಹತ್ತಿರವೇ ಬಂತು. ಬಿರಿಯಾನಿ ನಾನೇ ಕೊಡಿಸಿದೆ.

ತುಂಗೆದಡ:
ಹಾಗಾದರೆ ಈಗ ಏನೂ ಉಳಿದಿಲ್ವಾ?

ಬೆಲ್ಲದಕಾಫಿ:
ಉಳಿದಿದೆ. ಬಿ ಒಡೆದು ಕೆ-ಸ್ಟಾರ್ (ಕೆಯಾನ್‌ನದೇ ಭಾರದ ರೂಪ), ಎರಡು ಮ್ಯೂಆನ್ ಆದಾಗ ಅವು ಹಾರುವ ಕೋನಗಳು ಲೆಕ್ಕಕ್ಕೆ ಕೂರ್ತಿಲ್ಲ. ಆದರೆ ಚಾರ್ಮ್ ಕ್ವಾರ್ಕ್ ನಡುವೆ ಬಂದುಹೋದರೂ ಇದೇ ಥರ ಕಾಣಬಹುದು, ಅದನ್ನು ನಿಖರವಾಗಿ ಲೆಕ್ಕ ಹಾಕೋಕೆ ಇನ್ನೂ ಆಗಿಲ್ಲ. ಜಗಳ ಇರೋದೇ ಅಲ್ಲಿ. ಜಪಾನಿನ ಬೆಲ್-2 ಪ್ರಯೋಗದವರು 2023ರಲ್ಲಿ, ಬಿ ಒಡೆದು ಕೆಯಾನ್ ಜೊತೆ ಎರಡು ನ್ಯೂಟ್ರಿನೋ ಬರೋದು ಹತ್ತು ಲಕ್ಷಕ್ಕೆ ಸುಮಾರು 23 ಅಂದರು. ಲೆಕ್ಕದ ಪ್ರಕಾರ ಐದಾರು ಇರಬೇಕಿತ್ತು. ವ್ಯತ್ಯಾಸ 2.7 ಸಿಗ್ಮಾ.

ಸಿಗ್ಮಾ_ಸಾಕು:
ಈ ಸಲ ಚಹಾ ಮಾತ್ರ ಪಂದ್ಯ.