5 ಮಿಲಿಮೀಟರ್ ಗಂಟು, ಮಾವನ ಫಾರ್ವರ್ಡ್

ಮಾವ (ಫಾರ್ವರ್ಡ್ ಮಾಡಿದ ಸಂದೇಶ): ಕ್ಯಾನ್ಸರಿಗೆ ಸಕ್ಕರೆಯೇ ಆಹಾರ. ಪೆಟ್ ಸ್ಕ್ಯಾನಿನಲ್ಲಿ ಸಕ್ಕರೆಯನ್ನೇ ಚುಚ್ಚುವುದು ಇದಕ್ಕೆ ಸಾಕ್ಷಿ. ಸಕ್ಕರೆ ಬಿಡಿ, ಗಂಟು ತಾನಾಗಿಯೇ ಸಾಯುತ್ತದೆ. ಎಲ್ಲ ಗುಂಪುಗಳಿಗೂ ಕಳುಹಿಸಿ.

ಮಾವ: ಇದನ್ನು ಹೊತ್ತು ಹೋಗದೆ ಕಳುಹಿಸಿದ್ದಲ್ಲ. ಅಕ್ಕನ ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲವೂ ಮುಗಿದ ಮೇಲೆ ತೆಗೆಸಿದ ಸಿಟಿ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ 5 ಮಿ.ಮೀ. ಗಂಟು ಕಂಡಿದೆ, ಅದು ಏನೆಂದು ಖಚಿತವಾಗಿ ಹೇಳಲಾಗದು ಎಂದು ರಿಪೋರ್ಟಿನಲ್ಲಿ ಡಾಕ್ಟರರೇ ಬರೆದಿದ್ದಾರೆ. ಹೀಗಿರುವಾಗ ಮೂರು ತಿಂಗಳು ಬಿಟ್ಟು ಬನ್ನಿ ಎನ್ನುವುದು ಯಾವ ನ್ಯಾಯ? ಇದೇ ವಾರ ಪೆಟ್ ಸ್ಕ್ಯಾನ್ ಮಾಡಿಸೋಣ, ಬೇಕಾದರೆ ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿಯೂ ಆಗಲಿ. ಖರ್ಚು ನನಗಿರಲಿ.

ನಾನು: ಮಾವ, ಪೆಟ್ ಸ್ಕ್ಯಾನಿನಲ್ಲಿ ಕೊಡುವುದು ಗ್ಲೂಕೋಸನ್ನು ಹೋಲುವ, ವಿಕಿರಣ ಸೂಸುವ ಒಂದು ವಸ್ತು. ಅದನ್ನು ಕ್ಯಾನ್ಸರ್ ಕೋಶ ಹೀರುವುದು ನಿಜ, ಆದರೆ ಆರೋಗ್ಯವಂತರ ಮೆದುಳೂ ಅದರಲ್ಲಿ ಝಗಝಗಿಸುತ್ತದೆ. ಸೋಂಕು, ಉರಿಯೂತ, ಕ್ಷಯದ ಗಂಟುಗಳೂ ಹೊಳೆಯುತ್ತವೆ. ದೊಡ್ಡಮ್ಮ ಕಾಫಿಗೆ ಸಕ್ಕರೆ ಹಾಕದಿದ್ದರೂ ರಕ್ತದಲ್ಲಿ ಗ್ಲೂಕೋಸ್ ಇಳಿಯದಂತೆ ಯಕೃತ್ತು ನೋಡಿಕೊಳ್ಳುತ್ತದೆ, ಹಾಗಾಗಿ ಗಂಟನ್ನು ಉಪವಾಸ ಕೆಡವುವ ದಾರಿ ಇದಲ್ಲ. ಕೀಮೋದಲ್ಲಿ ಸೊರಗಿರುವವರಿಗೆ ಊಟದಲ್ಲಿ ಇನ್ನೊಂದನ್ನು ಕಡಿತ ಮಾಡುವುದಂತೂ ನನಗೆ ಒಪ್ಪಿಗೆಯಿಲ್ಲ. ಇನ್ನು 5 ಮಿ.ಮೀ. ಗಂಟು ಪೆಟ್ ಸ್ಕ್ಯಾನಿನ ಕಣ್ಣಿಗೆ ಬಹಳ ಚಿಕ್ಕದು, ಅದರಲ್ಲೂ ಉಸಿರಾಡುವಾಗ ಹೆಚ್ಚು ಅಲುಗುವ ಕೆಳಭಾಗದಲ್ಲಿದೆ. ಹೊಳೆಯಲಿಲ್ಲವೆಂದರೆ ಕ್ಯಾನ್ಸರ್ ಅಲ್ಲ ಎಂದೂ ಆಗುವುದಿಲ್ಲ. ಅಷ್ಟು ಹಣ ಕೊಟ್ಟು ಮತ್ತದೇ ಗೊಂದಲವನ್ನು ಮನೆಗೆ ತಂದಂತಾಗುತ್ತದೆ.

ಅಮ್ಮ: ಅದು ರೇಡಿಯೇಷನ್ನಿಂದ ಆದ ಕಲೆ ಇರಬಹುದಲ್ಲವೇ?

ನಾನು: ರೇಡಿಯೇಷನ್ ಕೊಟ್ಟದ್ದು ಎಡಕ್ಕೆ, ಗಂಟಿರುವುದು ಬಲಕ್ಕೆ. ಹಾಗಾಗಿ ಅದು ಕಾರಣವಾಗಿರಲಾರದು.

ಮಾವ: ಹಾಗಾದರೆ ಸೂಜಿ ಹಾಕಿ ನೋಡಲಿ. ಮೂರು ತಿಂಗಳಲ್ಲಿ ಅದು ಬೆಳೆದರೆ ಜವಾಬ್ದಾರಿ ಯಾರದು? ನೀನು ವಹಿಸಿಕೊಳ್ಳುತ್ತೀಯಾ?

ನಾನು: ಅಷ್ಟು ಚಿಕ್ಕ ಗಂಟಿಗೆ ಗುರಿಯಿಟ್ಟು ಸೂಜಿ ಹಾಕುವುದು ಕಷ್ಟ, ಸಾಕಷ್ಟು ಮಾದರಿ ಸಿಗದೆ ಹೋಗಬಹುದು, ಶ್ವಾಸಕೋಶದಿಂದ ಗಾಳಿ ಸೋರಿ ಆಸ್ಪತ್ರೆಯಲ್ಲೇ ಉಳಿಯಬೇಕಾಗಲೂಬಹುದು. ಮೂರು ತಿಂಗಳ ಅಂತರವನ್ನು ಉದಾಸೀನವೆಂದು ತಿಳಿಯಬೇಡಿ, ಪರೀಕ್ಷೆ ನಡೆಯುವುದೇ ಆ ಅಂತರದಲ್ಲಿ. ಹಳೆಯ ಗಾಯದ ಕಲೆಯಾದರೆ ಹಾಗೆಯೇ ಇರುತ್ತದೆ, ಕ್ಯಾನ್ಸರ್ ಆಗಿದ್ದರೆ ಸಾಮಾನ್ಯವಾಗಿ ಬೆಳೆಯುತ್ತದೆ. ವ್ಯಾಸ 5ರಿಂದ 6.3 ಮಿ.ಮೀ.ಗೆ ಏರಿದರೆ ಗಂಟಿನ ಘನಗಾತ್ರ ಎರಡು ಪಟ್ಟಾದಂತೆ. ಮುಂದಿನ ವಾರವೇ ಮತ್ತೊಂದು ಸಿಟಿ ತೆಗೆಸಿ ಒಂದು ಮಿ.ಮೀ. ವ್ಯತ್ಯಾಸ ಕಂಡರೆ ಅದು ಬೆಳವಣಿಗೆಯೋ ಅಳತೆಯ ದೋಷವೋ ಎಂದು ಯಾರೂ ಹೇಳಲಾರರು. ಬೆಳೆದೇಬಿಟ್ಟರೆ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಸ್ತನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದರೆ ಚಿಕಿತ್ಸೆ ಮುಖ್ಯವಾಗಿ ಇಡೀ ದೇಹಕ್ಕೆ ಕೊಡುವ ಔಷಧಿ. ಗಂಟು ಐದರಲ್ಲಿ ಸಿಕ್ಕರೂ ಏಳರಲ್ಲಿ ಸಿಕ್ಕರೂ ಆ ದಾರಿ ಸಾಮಾನ್ಯವಾಗಿ ಬದಲಾಗುವುದಿಲ್ಲ. ಆದರೆ ಬಿಡದ ಕೆಮ್ಮು, ಏದುಸಿರು, ಮೂಳೆ ನೋವು ಬಂದರೆ ತಾರೀಖು ಕಾಯದೆ ಹೋಗಬೇಕು.

ಅಮ್ಮ: ನಿಮ್ಮ ಮಿಲಿಮೀಟರ್ ಲೆಕ್ಕ ಸರಿಯಿರಬಹುದು, ಆದರೆ ಅಲ್ಲಿಯವರೆಗೆ ಅವಳು ರಾತ್ರಿ ನಿದ್ದೆ ಮಾಡುವುದು ಹೇಗೆ?

ದೊಡ್ಡಮ್ಮ: ನನ್ನ ಶ್ವಾಸಕೋಶದ ಬಗ್ಗೆ ನಾನೂ ಒಂದು ಮಾತು ಹೇಳಬಹುದೇ? ನಿದ್ದೆ ಕೆಡುತ್ತಿರುವುದು ನಿಜ, ಆದರೆ ಅದಕ್ಕೆ ಗಂಟು ಎಷ್ಟು ಕಾರಣವೋ ಬೆಳಿಗ್ಗೆ ಏಳುತ್ತಲೇ "ಹೇಗಿದ್ದೀಯ" ಎಂದು ಅಳುದನಿಯಲ್ಲಿ ಬರುವ ಫೋನುಗಳೂ ಅಷ್ಟೇ ಕಾರಣ. ಕಾಯುವುದೆಂದು ನಾನು ಡಾಕ್ಟರರ ಮುಂದೆ ಒಪ್ಪಿ ಬಂದಿದ್ದೇನೆ. ಸ್ಕ್ಯಾನಿನ ಹಿಂದಿನ ವಾರ ಧೈರ್ಯ ಉಡುಗುತ್ತದೆ ಎಂಬುದು ಗೊತ್ತಿರುವುದರಿಂದ ಆ ವಾರ ಯಾರಾದರೂ ಬಂದು ಜೊತೆಗಿದ್ದರೆ ಸಾಕು, ಉಳಿದ ದಿನಗಳಲ್ಲಿ ಮಗಳ ಮದುವೆಯ ಛತ್ರದ ವಿಚಾರ ಮಾತಾಡಿ. ಒಂದು ವಿಷಯ ಮಾತ್ರ ಕೇಳಬೇಕು. ಹೈಸ್ಕೂಲಿನಲ್ಲಿದ್ದಾಗ ನನಗೆ ಕ್ಷಯವಾಗಿ ಚಿಕಿತ್ಸೆ ಪಡೆದಿದ್ದೆ, ಅದನ್ನು ಈ ಆಸ್ಪತ್ರೆಯಲ್ಲಿ ಹೇಳಿದ ನೆನಪಿಲ್ಲ.

ನಾನು: ದೊಡ್ಡಮ್ಮ, ಅದನ್ನು ತಪ್ಪದೆ ಹೇಳಬೇಕು. ವಾಸಿಯಾದ ಕ್ಷಯ ಇಂಥ ಚಿಕ್ಕ ಗಂಟನ್ನು ಉಳಿಸಿಹೋಗುವುದು ನಮ್ಮ ದೇಶದಲ್ಲಿ ಬಹಳ ಸಾಮಾನ್ಯ. ರಿಪೋರ್ಟಿನ ಕೊನೆಯ ಸಾಲನ್ನು ಯಾರಾದರೂ ಗಮನಿಸಿದಿರಾ? ಹೋಲಿಸಿ ನೋಡಲು ಹಳೆಯ ಚಿತ್ರಗಳು ಲಭ್ಯವಿಲ್ಲ ಎಂದಿದೆ. ಆಪರೇಷನ್ನಿಗೆ ಮುಂಚೆ ಬೇರೆ ಕಡೆ ಎದೆಯ ಸಿಟಿ ಮಾಡಿಸಿದ್ದೆವಲ್ಲ? ಕೀಮೋಗೂ ಮೊದಲೇ ಇದೇ ಜಾಗದಲ್ಲಿ ಇದೇ ಗಾತ್ರದ ಗಂಟು ಇತ್ತೆಂದಾದರೆ ಭಯ ಬಹುಪಾಲು ಇಳಿದಂತೆಯೇ. ಆ ಸ್ಕ್ಯಾನಿನ ಸಿಡಿ ಯಾರ ಹತ್ತಿರ ಇದೆ?

ದೊಡ್ಡಪ್ಪ: ಬೀರುವಿನಲ್ಲಿ ಇಲ್ಲ, ಈಗಷ್ಟೇ ಹುಡುಕಿದೆ. ಎರಡನೇ ಅಭಿಪ್ರಾಯ ಕೇಳಲೆಂದು ಇವಳ ತಮ್ಮ ತೆಗೆದುಕೊಂಡು ಹೋದವನು ವಾಪಸು ಕೊಟ್ಟಿಲ್ಲ.

ಮಾವ: ನನ್ನ ಬಳಿಯೇ ಇದೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ. ನಾಳೆ ಬೆಳಿಗ್ಗೆ ಹಾಸನದಿಂದ ನಾನೇ ಹೊರಟು ತಂದುಕೊಡುತ್ತೇನೆ. ಸಕ್ಕರೆಯ ವಿಚಾರದಲ್ಲಿ ಮಾತ್ರ ನನಗಿನ್ನೂ ಸಮಾಧಾನವಾಗಿಲ್ಲ, ಅದನ್ನು ಡಾಕ್ಟರರನ್ನೇ ಎದುರಿಗೆ ಕೇಳುತ್ತೇನೆ.