ಲೋಟಸ್ ಎಲೀಸ್ ತೊಳೆಯುವಾಗ ಎಂಜಿನ್‌ಗೆ ನೀರು ಹೋಗದ ಹಾಗೆ ಏನ್ ಮಾಡ್ತೀರಾ?

ಪ್ರಶ್ನೆ: ನಮಸ್ಕಾರ, ಇಂಗ್ಲೆಂಡಲ್ಲಿದೀನಿ, ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಎಲೀಸ್ (ಲೋಟಸ್ ಕಂಪನಿಯ ಪುಟ್ಟ ಸ್ಪೋರ್ಟ್ಸ್ ಕಾರು) ತಗೊಂಡೆ, ಟೊಯೋಟಾ 1.8 ಲೀಟರ್ ಎಂಜಿನ್ ಇರೋದು. ಎಂಜಿನ್ ಸೀಟ್ ಹಿಂದೆನೇ ಇದೆ, ಮೇಲಿನ ಮುಚ್ಚಳದಲ್ಲಿ ಜಾಲರಿ, ಪೈಪ್ ಹಿಡಿದ್ರೆ ನೀರು ಸೀದಾ ಒಳಗೆ ಇಳಿಯುತ್ತೆ. ತೊಳೆಯೋಕೇ ಭಯ ಆಗ್ತಿದೆ.

ಉತ್ತರ: ಮಳೆಗೆಲ್ಲ ಹೆದರಬೇಡಿ ಸರ್, ಪ್ರೆಷರ್ ವಾಷರ್ ಮಾತ್ರ ಜಾಲರಿ ಹತ್ರ ತರಲೇಬೇಡಿ. ನಾನು ಜಾಲರಿ ಮೇಲೆ ದಪ್ಪ ಟವೆಲ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿ ಸುತ್ತ ಒದ್ದೆ ಬಟ್ಟೇಲಿ ಒರೆಸ್ತೀನಿ ಅಷ್ಟೆ. ಪಕ್ಕದ ಗಾಳಿ ಕಿಂಡಿಗಳಿಗೂ ನೇರ ನೀರು ಹೊಡೀಬೇಡಿ. ಎಂಜಿನ್ ಪೂರ್ತಿ ತಣ್ಣಗಾಗಿರ್ಲಿ, ಸ್ಟಾರ್ಟ್ ಮಾಡೋ ಮುಂಚೆ ಪ್ಲಾಸ್ಟಿಕ್ ತೆಗೆಯೋದು ಮರೀಬೇಡಿ.

ಉತ್ತರ: ಮೇಲಿನವರು ಹೇಳಿದ್ದು ಸರಿ, ಆದ್ರೆ ಸ್ಪಾರ್ಕ್ ಪ್ಲಗ್ (ಇಂಧನಕ್ಕೆ ಕಿಡಿ ಹೊತ್ತಿಸೋ ಭಾಗ) ಕೂರೋ ಕುಳಿಗಳನ್ನೂ ನೋಡ್ಕೊಳ್ಳಿ. ನನ್ನ ಹಳೇ ಕಾರಲ್ಲಿ ಅಲ್ಲಿ ನೀರು ನಿಂತು ಒಂದು ಸಿಲಿಂಡರ್ ಮಿಸ್ ಹೊಡೀತಿತ್ತು (ಸರಿಯಾಗಿ ಉರೀತಿರ್ಲಿಲ್ಲ), ಪ್ಲಗ್‌ಗೆ ಕರೆಂಟ್ ಕೊಡೋ ಕಾಯಿಲ್ ಬಿಚ್ಚಿ ಗಾಳಿ ಹೊಡೆದು ಒಣಗಿಸಿದ್ಮೇಲೆ ಸರಿಹೋಯ್ತು. ಏರ್ ಫಿಲ್ಟರ್ ದಾಟಿ ನೀರು ಹೋಗಿದೆ ಅನ್ಸಿದ್ರೆ ಮಾತ್ರ ಸ್ಟಾರ್ಟ್ ಮಾಡ್ಲೇಬೇಡಿ, ಗಾಳಿ ಥರ ನೀರನ್ನ ಪಿಸ್ಟನ್ ಅಮುಕೋಕಾಗಲ್ಲ, ಪಿಸ್ಟನ್ ಹಿಡಿದಿರೋ ಕನೆಕ್ಟಿಂಗ್ ರಾಡೇ ಬಗ್ಗಿಹೋಗಬಹುದು.

ಕೇಳಿದವರು: ಇಬ್ರಿಗೂ ತುಂಬಾ ಥ್ಯಾಂಕ್ಸ್, ಭಾನುವಾರ ಬಕೆಟ್ ಬಟ್ಟೆ ಹಿಡ್ಕೊಂಡು ನಿಧಾನಕ್ಕೆ ತೊಳೀತೀನಿ.